ಸರ್ಕಾರಿ ಮತ್ತು ಸಾರ್ವಜನಿಕ ವಲಯದ ಎಂಜಿನಿಯರುಗಳ ಸಂಘ: ಸದಸ್ಯತ್ವ, ಸೌಲಭ್ಯ ಮತ್ತು ಈಚಿನ ಬದಲಾವಣೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಹಾಯಕ ಎಂಜಿನಿಯರಾಗಿ ಸೇವೆಗೆ ಸೇರಿದ ಮೊದಲ ತಿಂಗಳಲ್ಲೇ ಯಾರಾದರೊಬ್ಬ ಹಿರಿಯರು ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಹಣ ಕೊಟ್ಟು ರಸೀದಿಯನ್ನು ಜೇಬಿಗಿಳಿಸಿದವರಲ್ಲಿ ಹೆಚ್ಚಿನವರು ಸಂಘವನ್ನು ಮತ್ತೆ ನೆನೆಯುವುದು ಅಮಾನತು ಆದೇಶವೋ ಜ್ಯೇಷ್ಠತಾ ಪಟ್ಟಿಯೋ ಕೈಗೆ ಬಂದ ದಿನ. ಆ ದಿನ ಕೇಳುವ ಪ್ರಶ್ನೆಗಳನ್ನು ಮೊದಲೇ ಕೇಳಿಕೊಳ್ಳಲಿ ಎಂಬ ಉದ್ದೇಶದಿಂದ ಇಲ್ಲಿನ ಉತ್ತರಗಳನ್ನು ಬರೆಯಲಾಗಿದೆ. ಇವು ಮುಖ್ಯವಾಗಿ ಕರ್ನಾಟಕದ ಇಲಾಖೆ, ಮಂಡಳಿ ಮತ್ತು ನಿಗಮಗಳ ಎಂಜಿನಿಯರುಗಳಿಗೆ ಸಂಬಂಧಿಸಿದವು. ಕೇಂದ್ರ ಸರ್ಕಾರದ ನಿಯಮ ಬೇರೆಯಾಗಿರುವ ಕಡೆ ಅದನ್ನೂ ಹೇಳಲಾಗಿದೆ.

ನಾನು ಯಾವ ಸಂಘಕ್ಕೆ ಸೇರಬೇಕು?

ಅದಕ್ಕೂ ಮೊದಲು ನಿಮ್ಮ ಹುದ್ದೆ ಕಾನೂನಿನ ದೃಷ್ಟಿಯಲ್ಲಿ ಏನು ಎಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ಉತ್ತರಗಳೂ ಅದನ್ನೇ ಅವಲಂಬಿಸಿವೆ. ಲೋಕೋಪಯೋಗಿ, ಜಲಸಂಪನ್ಮೂಲ, ಸಣ್ಣ ನೀರಾವರಿಯಂಥ ಇಲಾಖೆಗಳಲ್ಲಿ ಇರುವವರು ಸರ್ಕಾರದ ನಾಗರಿಕ ಹುದ್ದೆ ಹೊಂದಿದವರು. ವಿಚಾರಣೆಯಿಲ್ಲದೆ ವಜಾ ಮಾಡದಂತೆ ಕಾಯುವ ಸಂವಿಧಾನದ 311ನೇ ವಿಧಿಯ ರಕ್ಷಣೆ ಅವರಿಗಿದೆ, ಅವರ ಸೇವಾ ವ್ಯಾಜ್ಯಗಳು ಮೊದಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುತ್ತವೆ. ಕೆಪಿಟಿಸಿಎಲ್, ಬೆಸ್ಕಾಂ, ಹೆಸ್ಕಾಂ ಮೊದಲಾದವು ಕಂಪನಿಗಳು. ಅಲ್ಲಿನ ಎಂಜಿನಿಯರಿಗೆ 311ನೇ ವಿಧಿ ಅನ್ವಯಿಸುವುದಿಲ್ಲ. ವಿದ್ಯುತ್ ಮಂಡಳಿಯ ಕಾಲದಿಂದ ಬಂದ ಪ್ರತ್ಯೇಕ ಶಿಸ್ತು ನಿಯಮಾವಳಿ ಇದೆ, ನ್ಯಾಯ ಬೇಕಾದರೆ ಹೈಕೋರ್ಟಿಗೆ ಹೋಗಬೇಕು. ಬಿಎಚ್‌ಇಎಲ್, ಎಚ್‌ಎಎಲ್, ಬಿಇಎಲ್‌ಗಳಂಥ ಕೇಂದ್ರೋದ್ಯಮಗಳಲ್ಲಿ ಕಾರ್ಮಿಕರ ವೇತನವು ಚೌಕಾಶಿಯ ಒಪ್ಪಂದದಿಂದ ನಿರ್ಧಾರವಾದರೆ, ಎಂಜಿನಿಯರುಗಳೂ ಸೇರಿದಂತೆ ಅಧಿಕಾರಿಗಳ ವೇತನವು ಸಾರ್ವಜನಿಕ ಉದ್ಯಮಗಳ ಇಲಾಖೆಯ ಮಾರ್ಗಸೂಚಿಯಿಂದ ನಿರ್ಧಾರವಾಗುತ್ತದೆ. ಹಾಗಾಗಿ ಅಲ್ಲಿ ಅಧಿಕಾರಿಗಳ ಸಂಘವೇ ಬೇರೆ.

ಒಂದೇ ಕಾಲೇಜಿನಿಂದ ಒಂದೇ ವರ್ಷ ಹೊರಬಂದ ಇಬ್ಬರು ಗೆಳೆಯರಲ್ಲಿ ಒಬ್ಬರು ಇಲಾಖೆಗೂ ಇನ್ನೊಬ್ಬರು ವಿದ್ಯುತ್ ನಿಗಮಕ್ಕೂ ಸೇರಿದರೆ, ಒಬ್ಬರ ಸಂಘ ಕೊಟ್ಟ ಸಲಹೆ ಇನ್ನೊಬ್ಬರಿಗೆ ಹಾನಿಯನ್ನೇ ಮಾಡಬಹುದು. ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಸೇವಾ ಸಲಹೆಗಳಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಂದಲೇ.

ಸಂಘ ಸೇರಲು ಮೇಲಧಿಕಾರಿಯ ಅನುಮತಿ ಬೇಕೇ?

ಬೇಡ. ಸಂಘ ಕಟ್ಟುವ ಮತ್ತು ಸೇರುವ ಸ್ವಾತಂತ್ರ್ಯವನ್ನು ಸಂವಿಧಾನದ 19(1)(ಸಿ) ವಿಧಿ ಕೊಟ್ಟಿದೆ. ಸರ್ಕಾರಿ ನೌಕರಿಗೆ ಸೇರಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ಮಾನ್ಯತೆ ಇಲ್ಲದ ಸಂಘವನ್ನು ನೌಕರ ಬಿಡಲೇಬೇಕೆಂದು ಹೇಳುತ್ತಿದ್ದ ಕೇಂದ್ರದ ನಡತೆ ನಿಯಮವನ್ನು ಸುಪ್ರೀಂ ಕೋರ್ಟು 1962ರಲ್ಲಿ ಓ. ಕೆ. ಘೋಷ್ ಪ್ರಕರಣದಲ್ಲಿ ರದ್ದು ಮಾಡಿತು. ಆದ್ದರಿಂದ ಹೊಸದಾಗಿ ಹುಟ್ಟಿದ, ಇನ್ನೂ ಮಾನ್ಯತೆ ಸಿಗದ ಸಂಘದ ಸದಸ್ಯತ್ವ ಪಡೆಯುವುದೂ ತಪ್ಪಲ್ಲ. ಆದರೆ ದೇಶದ ಸಾರ್ವಭೌಮತೆ ಅಥವಾ ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ತರುವ ಸಂಘಟನೆಗಳಿಂದ ದೂರವಿರಬೇಕೆಂಬ ನಡತೆ ನಿಯಮ ಹಾಗೆಯೇ ಉಳಿದಿದೆ.

ಎಂಜಿನಿಯರುಗಳ ಪೈಕಿ ಒಂದು ವರ್ಗಕ್ಕೆ ಮಾತ್ರ ಈ ಸ್ವಾತಂತ್ರ್ಯವಿಲ್ಲ. ಗಡಿ ರಸ್ತೆ ಸಂಸ್ಥೆಯ ಜನರಲ್ ರಿಸರ್ವ್ ಎಂಜಿನಿಯರ್ ಫೋರ್ಸ್‌ನಲ್ಲಿ ಇರುವವರು ಸಶಸ್ತ್ರ ಪಡೆಗಳ ಭಾಗವೇ ಎಂದು 1983ರ ಆರ್. ವಿಶ್ವನ್ ಪ್ರಕರಣದಲ್ಲಿ ತೀರ್ಮಾನವಾಗಿರುವುದರಿಂದ, 33ನೇ ವಿಧಿಯ ನಿರ್ಬಂಧ ಅವರಿಗೆ ಅನ್ವಯಿಸುತ್ತದೆ.

ಸೇವಾ ಸಂಘಕ್ಕೂ ಕಾರ್ಮಿಕ ಸಂಘಕ್ಕೂ ಏನು ವ್ಯತ್ಯಾಸ? ಎಂಜಿನಿಯರು ಕಾರ್ಮಿಕನೇ?

ನಮ್ಮಲ್ಲಿ ಎಂಜಿನಿಯರುಗಳ ಸಂಘಗಳಲ್ಲಿ ಅನೇಕವು ಸಂಘಗಳ ನೋಂದಣಿ ಕಾಯ್ದೆಯಡಿ, ಅಂದರೆ ರಾಜ್ಯದಲ್ಲಾದರೆ 1960ರ ಕರ್ನಾಟಕ ಕಾಯ್ದೆಯಡಿ, ನೋಂದಣಿಯಾದ ಸೇವಾ ಸಂಘಗಳು. ಟ್ರೇಡ್ ಯೂನಿಯನ್ ಆಗಿ ನೋಂದಾಯಿಸಿಕೊಂಡ ಸಂಘದ ಪದಾಧಿಕಾರಿಗಳಿಗೆ ಮತ್ತು ಸದಸ್ಯರಿಗೆ ಕೆಲವು ಸಿವಿಲ್ ಮತ್ತು ಕ್ರಿಮಿನಲ್ ಹೊಣೆಗಳಿಂದ ಕಾನೂನೇ ರಕ್ಷಣೆ ಕೊಡುತ್ತದೆ. ಸೇವಾ ಸಂಘಕ್ಕೆ ಆ ರಕ್ಷಣೆಯಿಲ್ಲ. ಎರಡರ ಹೆಸರಿನಲ್ಲೂ ‘ಸಂಘ’ ಎಂದಿರುವುದರಿಂದ ನೋಂದಣಿ ಪತ್ರ ನೋಡದೆ ವ್ಯತ್ಯಾಸ ತಿಳಿಯುವುದು ಕಷ್ಟ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯು 1926ರ ಟ್ರೇಡ್ ಯೂನಿಯನ್ ಕಾಯ್ದೆ, 1946ರ ಸ್ಥಾಯಿ ಆದೇಶಗಳ ಕಾಯ್ದೆ ಮತ್ತು 1947ರ ಕೈಗಾರಿಕಾ ವಿವಾದ ಕಾಯ್ದೆಗಳ ಜಾಗಕ್ಕೆ ಬಂದಿದೆ. ಇದರ ಪ್ರಕಾರ, ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು, ಹಾಗೆಯೇ ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರು, ಕೈಗಾರಿಕಾ ವಿವಾದದ ಉದ್ದೇಶಕ್ಕೆ ಕಾರ್ಮಿಕರಲ್ಲ. ಶಾಖಾಧಿಕಾರಿಯಿಂದ ಮುಖ್ಯ ಎಂಜಿನಿಯರ್‌ವರೆಗೆ ಬಹುತೇಕ ಎಲ್ಲರೂ ಇದರಿಂದ ಹೊರಗೆ ಬೀಳುತ್ತಾರೆ. ಆದರೆ ಕಾರ್ಮಿಕ ಸಂಘಗಳ ಅಧ್ಯಾಯದ ಮಟ್ಟಿಗೆ ಉದ್ಯಮದಲ್ಲಿ ಕೆಲಸ ಮಾಡುವ ಎಲ್ಲರನ್ನೂ ಕಾರ್ಮಿಕರೆಂದೇ ಪರಿಗಣಿಸಲಾಗಿದೆ. ಅಂದರೆ ನಿಗಮದ ಎಂಜಿನಿಯರು ಕಾರ್ಮಿಕ ಸಂಘ ಸೇರಬಹುದು. ತನ್ನನ್ನು ವಜಾ ಮಾಡಿದರೆ ಕಾರ್ಮಿಕರ ನ್ಯಾಯಮಂಡಳಿಯ ಬಾಗಿಲು ಅವರಿಗೆ ತೆರೆಯದೆ ಇರಬಹುದು. ಹುದ್ದೆಯ ಹೆಸರಿಗಿಂತ ದಿನನಿತ್ಯ ಮಾಡುವ ಮುಖ್ಯ ಕೆಲಸವೇ ಇಲ್ಲಿ ನಿರ್ಣಾಯಕವಾಗಿರುವುದರಿಂದ, ಕೇವಲ ತಾಂತ್ರಿಕ ಕೆಲಸ ಮಾಡುವ ಎಂಜಿನಿಯರಿನ ಪ್ರಕರಣ ಬೇರೆಯೇ ಆಗಬಹುದು.

ಇದೆಲ್ಲ ಅನ್ವಯಿಸುವುದು ಉದ್ಯಮಗಳಿಗೆ ಮಾತ್ರ. ಯಾವುದು ಉದ್ಯಮ ಎಂಬ ಪ್ರಶ್ನೆಗೆ ದಶಕಗಳ ಕಾಲ ದೇಶಕ್ಕೆಲ್ಲ ಉತ್ತರ ಕೊಟ್ಟ 1978ರ ತೀರ್ಪಿನ ಮೇಲ್ಮನವಿದಾರರು ಬೇರೆ ಯಾರೂ ಅಲ್ಲ, ಬೆಂಗಳೂರು ಜಲಮಂಡಳಿಯೇ. ಹೊಸ ಸಂಹಿತೆಯ ವ್ಯಾಖ್ಯೆಯು ಸರ್ಕಾರದ ಸಾರ್ವಭೌಮ ಕಾರ್ಯಗಳನ್ನು, ಕೇಂದ್ರದ ರಕ್ಷಣಾ ಸಂಶೋಧನೆ, ಅಣುಶಕ್ತಿ ಮತ್ತು ಬಾಹ್ಯಾಕಾಶ ಇಲಾಖೆಗಳನ್ನು ಸೇರಿಸಿ, ಹೊರಗಿಟ್ಟಿದೆ.

‘ಮಾನ್ಯತೆ ಪಡೆದ ಸಂಘ’ ಎಂದರೆ ಏನು?

ನೋಂದಣಿ ಎಂದರೆ ಸಂಘಕ್ಕೆ ಕಾನೂನಿನ ಅಸ್ತಿತ್ವ. ಮಾನ್ಯತೆ ಎಂದರೆ ಸರ್ಕಾರ ಅಥವಾ ಆಡಳಿತ ವರ್ಗ ಅದರೊಡನೆ ಕುಳಿತು ಮಾತಾಡಲು ಒಪ್ಪಿದೆ ಎಂದು. ಕೇಂದ್ರ ಸರ್ಕಾರಿ ನೌಕರರ ಸೇವಾ ಸಂಘಗಳಿಗೆ 1993ರ ನಿಯಮಗಳಿವೆ. ಆ ವರ್ಗದ ನೌಕರರಲ್ಲಿ ಕನಿಷ್ಠ 35 ಶೇಕಡ ಸದಸ್ಯತ್ವವಿರುವ ಸಂಘಕ್ಕೆ ಮಾನ್ಯತೆ ಸಿಗುತ್ತದೆ. ಎರಡನೆಯ ಸ್ಥಾನದ ಸಂಘಕ್ಕೆ ಕನಿಷ್ಠ 15 ಶೇಕಡ ಇದ್ದರೆ ಅದನ್ನೂ ಪರಿಗಣಿಸಬಹುದು. ಲೆಕ್ಕವು ಸಂಬಳದಿಂದ ಕಡಿತವಾದ ಚಂದಾದ ಆಧಾರದ ಮೇಲೆ ಆಗುವುದರಿಂದ, ಸಭೆಗೆ ಬಂದು ಭಾಷಣ ಮಾಡುವ ಆದರೆ ಚಂದಾ ಕಡಿತದ ಪತ್ರ ಕೊಡದ ಸದಸ್ಯ ಆ ಲೆಕ್ಕದಲ್ಲಿ ಇಲ್ಲ.

ಹೊಸ ಸಂಹಿತೆಯಲ್ಲಿ, ಹಲವು ಕಾರ್ಮಿಕ ಸಂಘಗಳಿರುವ ಉದ್ಯಮದಲ್ಲಿ 51 ಶೇಕಡ ಕಾರ್ಮಿಕರ ಬೆಂಬಲವಿರುವ ಸಂಘವೇ ಏಕೈಕ ಸಂಧಾನ ಸಂಘ. ಯಾರಿಗೂ ಅಷ್ಟು ಬಲವಿಲ್ಲದಿದ್ದರೆ, 20 ಶೇಕಡಕ್ಕೆ ಕಡಿಮೆಯಿಲ್ಲದ ಸಂಘಗಳ ಪ್ರತಿನಿಧಿಗಳಿಂದ ಸಂಧಾನ ಮಂಡಳಿ ರಚನೆಯಾಗುತ್ತದೆ. ಎಂಜಿನಿಯರುಗಳು ಹೆಚ್ಚಿನ ಉದ್ಯಮಗಳಲ್ಲಿ ಬಹುಸಂಖ್ಯಾತರಲ್ಲ. ಹಾಗಾಗಿ ಈ ಅಂಕಿಗಳು ಅವರನ್ನು ದೊಡ್ಡ ನೌಕರ ಸಂಘದೊಡನೆ ಹೊಂದಿಕೊಳ್ಳುವ ಕಡೆಗೆ ತಳ್ಳುತ್ತವೆ. ‘ನಾವು ಅಧಿಕಾರಿಗಳು, ಅವರೊಡನೆ ಏಕೆ’ ಎಂಬ ಹಳೆಯ ಬಿಗುಮಾನವನ್ನು ಇನ್ನು ಇಟ್ಟುಕೊಳ್ಳುವುದು ಕಷ್ಟ ಎಂದೇ ನಮ್ಮ ಅಭಿಪ್ರಾಯ.

ಚಂದಾ ಎಷ್ಟು? ತೆರಿಗೆಯಲ್ಲಿ ವಿನಾಯಿತಿ ಇದೆಯೇ?

ಮೊತ್ತವನ್ನು ಆಯಾ ಸಂಘದ ಬೈಲಾ ನಿರ್ಧರಿಸುತ್ತದೆ. ವಾರ್ಷಿಕ ಚಂದಾ, ಆಜೀವ ಸದಸ್ಯತ್ವ ಮತ್ತು ಕುಟುಂಬ ಕಲ್ಯಾಣ ನಿಧಿಯ ವಂತಿಗೆ ಮೂರೂ ಬೇರೆ ಬೇರೆ. ರಸೀದಿಯಲ್ಲಿ ಯಾವುದಕ್ಕೆ ಎಷ್ಟು ಎಂದು ಬರೆಸಿಕೊಳ್ಳಬೇಕು. ಸಂಬಳದಾರರ ಆದಾಯ ತೆರಿಗೆಯಲ್ಲಿ ಸಂಘದ ಚಂದಾಕ್ಕೆ ಕಡಿತವಿಲ್ಲ. ಸಂಬಳದಿಂದ ಕಡಿತವಾಗುವ ವ್ಯವಸ್ಥೆಯಿದ್ದರೆ ಬಟವಾಡೆ ಅಧಿಕಾರಿಗೆ ಲಿಖಿತ ಒಪ್ಪಿಗೆ ಕೊಡಬೇಕು, ವರ್ಗಾವಣೆಯಾದಾಗ ಹೊಸ ಕಚೇರಿಯ ವೇತನ ಪಟ್ಟಿಯಲ್ಲಿ ಆ ಕಡಿತ ಮುಂದುವರಿದಿದೆಯೇ ಎಂದು ನೋಡಬೇಕು. ಸದಸ್ಯತ್ವ ತಪ್ಪಿಹೋಗುವ ಪ್ರಸಂಗಗಳಲ್ಲಿ ಹೆಚ್ಚಿನವು ನಡೆಯುವುದು ವರ್ಗಾವಣೆಯಾದ ಮೊದಲ ಎರಡು ತಿಂಗಳಲ್ಲಿ.

ಸದಸ್ಯರಿಗೆ ನಿಜವಾಗಿ ಸಿಗುವ ಸೌಲಭ್ಯಗಳು ಯಾವುವು?

ಸಂಘದ ಕರಪತ್ರಗಳಲ್ಲಿ ಕಾಣುವ ಪಟ್ಟಿಯನ್ನು ಎರಡಾಗಿ ಒಡೆದು ನೋಡುವುದು ಒಳ್ಳೆಯದು. ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ವಿಮೆ, ಗುಂಪು ವಿಮೆ, ಆರೋಗ್ಯ ಸಂಜೀವಿನಿ ಯೋಜನೆ, ಗಳಿಕೆ ರಜೆಯ ನಗದೀಕರಣ, ಅನುಕಂಪದ ನೇಮಕ ಇವೆಲ್ಲ ಸರ್ಕಾರಿ ನೌಕರರಿಗೆ ನಿಯಮದಿಂದ ಬರುವಂಥವು. ಸಂಘದ ಸದಸ್ಯರಲ್ಲದವರಿಗೂ ಇವು ಸಿಗುತ್ತವೆ. ಕೆಜಿಐಡಿಯಂತೂ 1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದದ್ದು, ಇಂದಿನ ಸಂಘಗಳಿಗಿಂತ ಹಳೆಯದು. ಇವುಗಳನ್ನು ತನ್ನ ಸಾಧನೆಯೆಂದು ತೋರಿಸುವ ಸಂಘದ ಬಗ್ಗೆ ಸ್ವಲ್ಪ ಎಚ್ಚರ ಇರಲಿ.

ಸಂಘವೇ ಕೊಡುವಂಥವು ಬೇರೆ. ಸೇವೆಯಲ್ಲಿರುವಾಗ ಸದಸ್ಯರು ತೀರಿಕೊಂಡರೆ ಕುಟುಂಬಕ್ಕೆ ಕಲ್ಯಾಣ ನಿಧಿಯಿಂದ ಕೊಡುವ ಮೊತ್ತ, ಇಲಾಖಾ ವಿಚಾರಣೆಯಲ್ಲಿ ನೆರವು, ಸಾಮಾನ್ಯ ಹಿತದ ಮೊಕದ್ದಮೆಗಳ ವೆಚ್ಚ, ಸುತ್ತೋಲೆ ಮತ್ತು ಆದೇಶಗಳ ಸಂಗ್ರಹ, ಕೇಂದ್ರ ಸ್ಥಾನದಲ್ಲಿ ಅತಿಥಿಗೃಹ, ಮಕ್ಕಳಿಗೆ ಪ್ರತಿಭಾ ಪುರಸ್ಕಾರ. ಡೈರಿ, ಕ್ಯಾಲೆಂಡರು ಮತ್ತು ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುವ ಸಮಾರಂಭ ಎಲ್ಲ ಸಂಘಗಳಲ್ಲೂ ಇವೆ, ಅವುಗಳಿಂದ ಸಂಘವನ್ನು ಅಳೆಯಲಾಗದು. ನಮ್ಮ ದೃಷ್ಟಿಯಲ್ಲಿ ಬೆಲೆಬಾಳುವ ಸೌಲಭ್ಯವೆಂದರೆ ಆದೇಶಗಳ ಸಂಗ್ರಹ. ಇಪ್ಪತ್ತು ವರ್ಷಗಳ ಹಿಂದಿನ ಒಂದು ಬಡ್ತಿ ಆದೇಶದ ಪ್ರತಿ ಬೇಕಾದಾಗ ಅದು ಕಚೇರಿಯ ದಾಖಲೆ ಕೋಣೆಯಲ್ಲಿ ಸಿಗುವುದಕ್ಕಿಂತ, ಸಂಘದ ಹಳೆಯ ಕಾರ್ಯದರ್ಶಿಯೊಬ್ಬರ ಬೀರುವಿನಲ್ಲಿ ಸಿಗುವ ಸಾಧ್ಯತೆಯೇ ಹೆಚ್ಚು.

ಸಂಘದ ಹೆಸರನ್ನೇ ಹೊತ್ತ ಗೃಹ ನಿರ್ಮಾಣ ಸಹಕಾರ ಸಂಘ ಅಥವಾ ಪತ್ತಿನ ಸಹಕಾರ ಸಂಘ ಇದ್ದರೆ ಅದು 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಪ್ರತ್ಯೇಕ ಸಂಸ್ಥೆ. ಅಲ್ಲಿ ನಿವೇಶನಕ್ಕೆ ಕಟ್ಟಿದ ಹಣಕ್ಕೆ ಎಂಜಿನಿಯರುಗಳ ಸಂಘ ಹೊಣೆಯಲ್ಲ, ಅದರ ಅಧ್ಯಕ್ಷರೇ ಇದಕ್ಕೂ ಅಧ್ಯಕ್ಷರಾಗಿದ್ದರೂ ಸರಿ.

ನನ್ನ ಶಾಖೆಯಲ್ಲಿ ವಿದ್ಯುತ್ ಅವಘಡವಾಗಿ ಸಿಬ್ಬಂದಿಯೊಬ್ಬರು ತೀರಿಕೊಂಡರು. ಸಂಘ ಏನು ಮಾಡಬಲ್ಲದು?

ವಿದ್ಯುತ್ ಕಂಪನಿಗಳ ಕಿರಿಯ ಎಂಜಿನಿಯರುಗಳಿಂದ ಹೆಚ್ಚು ಬರುವ, ಹೆಚ್ಚು ನೋವಿನ ಪ್ರಶ್ನೆ ಇದು. ಉತ್ತರವನ್ನು ಸ್ವಲ್ಪ ವಿವರವಾಗಿಯೇ ಕೊಡಬೇಕು.

ಸಂಜೆ ಆರು ಗಂಟೆಗೆ ಮಾರ್ಗ ದುರಸ್ತಿಗೆಂದು ಲೈನ್ ಕ್ಲಿಯರ್ (ಮಾರ್ಗದಲ್ಲಿ ವಿದ್ಯುತ್ ನಿಲ್ಲಿಸಲಾಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಪಡೆದು ಕಂಬ ಹತ್ತಿದವರು ಬೇರೊಂದು ಫೀಡರಿನಿಂದ ಅಥವಾ ಮನೆಯೊಂದರ ಜನರೇಟರಿನಿಂದ ಮರಳಿ ಹರಿದ ವಿದ್ಯುತ್ತಿಗೆ ಸಿಕ್ಕಿದರು ಎಂದಿಟ್ಟುಕೊಳ್ಳಿ. ಆಸ್ಪತ್ರೆಯ ಮುಂದೆ ಜನ ಸೇರುತ್ತಾರೆ, ರಾತ್ರಿಯೊಳಗೆ ಪೊಲೀಸ್ ದೂರು ದಾಖಲಾಗುತ್ತದೆ, ಮರುದಿನ ಶಾಖಾಧಿಕಾರಿಯ ಅಮಾನತು ಆದೇಶ ಹೊರಡುತ್ತದೆ. 2024ರ ಜುಲೈ 1ರಿಂದ ಈಚೆಗೆ ಇಂಥ ದೂರು ಬರುವುದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ, ಹಳೆಯ ದಂಡ ಸಂಹಿತೆಯ 304ಎ ಜಾಗದಲ್ಲಿ. ಇದರ ಜೊತೆಗೆ ವಿದ್ಯುತ್ ಪರಿವೀಕ್ಷಣಾಲಯದ ತನಿಖೆ ಬೇರೆ, ಇಲಾಖಾ ವಿಚಾರಣೆ ಬೇರೆ. ಮೂರೂ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಲೈನ್ ಕ್ಲಿಯರ್ ಯಾರು ಕೇಳಿದರು, ಯಾರು ಕೊಟ್ಟರು, ಎಷ್ಟು ಗಂಟೆಗೆ, ಅರ್ತಿಂಗ್ ಮಾಡಿದ್ದರೇ?

ಆದ್ದರಿಂದ ಸಂಘದ ಜಿಲ್ಲಾ ಪದಾಧಿಕಾರಿ ಮಾಡಬೇಕಾದ ಮೊದಲ ಕೆಲಸ ಹೇಳಿಕೆ ಕೊಡುವುದಲ್ಲ. ಉಪಕೇಂದ್ರದ ಲಾಗ್ ಶೀಟ್ ಮತ್ತು ಲೈನ್ ಕ್ಲಿಯರ್ ಪುಸ್ತಕದ ಆ ದಿನದ ಪುಟಗಳ ದೃಢೀಕೃತ ಪ್ರತಿಯನ್ನು ಅಂದೇ ಲಿಖಿತವಾಗಿ ಕೇಳುವುದು. ತಿಂಗಳ ನಂತರ ಕೇಳಿದರೆ ಆ ಪುಸ್ತಕ ಎಲ್ಲೋ ಒಂದು ತನಿಖಾ ಕಡತದಲ್ಲಿ ಸೇರಿಹೋಗಿರುತ್ತದೆ. ಸುರಕ್ಷಾ ಸಾಧನಗಳಿಗಾಗಿ ಶಾಖೆಯಿಂದ ಹಿಂದೆ ಬರೆದ ಬೇಡಿಕೆ ಪತ್ರಗಳ ಕಚೇರಿ ಪ್ರತಿ, ಮಂಜೂರಾದ ಹುದ್ದೆ ಎಷ್ಟು ಮತ್ತು ಖಾಲಿ ಎಷ್ಟು ಎಂಬ ಮಾಹಿತಿ, ಇವೂ ಅಷ್ಟೇ ಮುಖ್ಯ. ಮೃತರ ಕುಟುಂಬಕ್ಕೆ ಪರಿಹಾರ ಬೇಗ ಸಿಗುವಂತೆ ನೋಡುವುದು ಕೂಡ ಎಂಜಿನಿಯರುಗಳ ಸಂಘದ ಕೆಲಸವೇ ಎಂದು ನಾವು ಭಾವಿಸುತ್ತೇವೆ. ತಮ್ಮ ಸದಸ್ಯರನ್ನು ಉಳಿಸುವ ಭರದಲ್ಲಿ ತಪ್ಪನ್ನೆಲ್ಲ ಸತ್ತ ಲೈನ್‌ಮ್ಯಾನ್ ಮೇಲೆ ಹೊರಿಸುವ ಹೇಳಿಕೆಗಳನ್ನು ಸಂಘಗಳು ಕೊಟ್ಟದ್ದುಂಟು. ಅದರಿಂದ ಆದ ಗಾಯ ಆ ಶಾಖೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಅಮಾನತು ಎಷ್ಟು ಕಾಲ ಇರಬಹುದು? ವಿಚಾರಣೆಗೆ ವಕೀಲರನ್ನು ಇಟ್ಟುಕೊಳ್ಳಬಹುದೇ?

ಮೂರು ತಿಂಗಳೊಳಗೆ ದೋಷಾರೋಪಣಾ ಪಟ್ಟಿ ಕೊಡದೆ ಅಮಾನತನ್ನು ಎಳೆಯಬಾರದು ಎಂದು 2015ರಲ್ಲಿ ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪಟ್ಟಿ ಕೊಟ್ಟ ಮೇಲೂ ಮುಂದುವರಿಸಬೇಕಾದರೆ ಕಾರಣ ಕೊಟ್ಟು ಆದೇಶಿಸಬೇಕು. ರಾಜ್ಯ ಸರ್ಕಾರಿ ನೌಕರರಿಗೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು ಅನ್ವಯಿಸುತ್ತವೆ. 48 ಗಂಟೆಗಿಂತ ಹೆಚ್ಚು ಕಾಲ ಬಂಧನದಲ್ಲಿದ್ದರೆ ಅಮಾನತು ತಾನಾಗಿಯೇ ಆದಂತೆ.

ವಿಚಾರಣೆಯಲ್ಲಿ ನೌಕರ ಇನ್ನೊಬ್ಬ ಸರ್ಕಾರಿ ನೌಕರನ ನೆರವು ಪಡೆಯಬಹುದು. ವಕೀಲರಿಗೆ ಅವಕಾಶ ಸಿಗುವುದು ಆಡಳಿತದ ಪರ ಮಂಡನಾಧಿಕಾರಿಯೂ ಕಾನೂನು ವೃತ್ತಿಯವರಾಗಿದ್ದರೆ ಅಥವಾ ಶಿಸ್ತು ಪ್ರಾಧಿಕಾರ ಅನುಮತಿಸಿದರೆ ಮಾತ್ರ. ಇಂಥ ವಿಚಾರಣೆಗಳನ್ನು ನಡೆಸಿ ಅನುಭವವಿರುವ ರಕ್ಷಣಾ ಸಹಾಯಕರ ಪಟ್ಟಿಯನ್ನು ಒಳ್ಳೆಯ ಸಂಘ ಇಟ್ಟುಕೊಂಡಿರುತ್ತದೆ. ದೋಷಾರೋಪಣೆಗೆ ಉತ್ತರ ಬರೆಯುವ ಮುನ್ನ ಅವರನ್ನು ಭೇಟಿಯಾಗಬೇಕೇ ಹೊರತು ಉತ್ತರ ಕೊಟ್ಟ ನಂತರವಲ್ಲ. ಅಂತಿಮ ಆದೇಶದ ವಿರುದ್ಧ ಆಡಳಿತ ನ್ಯಾಯಮಂಡಳಿಗೆ ಹೋಗಲು ಸಾಮಾನ್ಯವಾಗಿ ಒಂದು ವರ್ಷದ ಗಡುವಿದೆ. ಸಂಘಕ್ಕೆ ಅರ್ಜಿ ಕೊಟ್ಟು ಕಾಯುತ್ತ ಕುಳಿತರೆ ಗಡುವು ನಿಮಗಾಗಿ ಕಾಯುವುದಿಲ್ಲ.

ನನ್ನ ವರ್ಗಾವಣೆಯನ್ನು ಸಂಘ ತಡೆಯಬಲ್ಲದೇ?

ವರ್ಗಾವಣೆ ನೀತಿಯ ಬಗ್ಗೆ ಸಂಘ ಮಾತಾಡಬಹುದು, ಒಬ್ಬೊಬ್ಬರ ವರ್ಗಾವಣೆಯ ಬಗ್ಗೆ ಮಾತಾಡುವುದು ಅದರ ಕೆಲಸವಲ್ಲ. ಕೇಂದ್ರದ 1993ರ ನಿಯಮಗಳು ವೈಯಕ್ತಿಕ ಸೇವಾ ವಿಷಯಗಳನ್ನು ಸಂಘ ಎತ್ತಿಕೊಳ್ಳಬಾರದು ಎಂದೇ ಹೇಳುತ್ತವೆ. ರಾಜಕೀಯ ಪ್ರಭಾವ ತರುವುದು ನಡತೆ ನಿಯಮಗಳ ಪ್ರಕಾರ ದುರ್ನಡತೆ. ಶಾಸಕರ ಪತ್ರದೊಂದಿಗೆ ಸಂಘದ ಪತ್ರವನ್ನೂ ಲಗತ್ತಿಸಿ ಎಂದು ಕೇಳುವವರಿಗೆ ‘ಆಗದು’ ಎನ್ನುವ ಕಾರ್ಯದರ್ಶಿಯ ಮೇಲೆ ಬೇಸರಪಡಬಾರದು.

ಜ್ಯೇಷ್ಠತಾ ಪಟ್ಟಿಯ ವಿವಾದದಲ್ಲಿ ಸಂಘ ಯಾರ ಪರ?

ಪ್ರಾಮಾಣಿಕ ಉತ್ತರವೆಂದರೆ, ಹೆಚ್ಚಿನ ಸಂದರ್ಭಗಳಲ್ಲಿ ಯಾರ ಪರವೂ ನಿಲ್ಲಲಾಗದು. ಪಟ್ಟಿಯಲ್ಲಿ ಒಬ್ಬರು ಮೇಲಕ್ಕೆ ಹೋದರೆ ಇನ್ನೊಬ್ಬರು ಕೆಳಕ್ಕೆ ಬರುತ್ತಾರೆ, ಇಬ್ಬರೂ ಚಂದಾ ಕೊಟ್ಟವರೇ. ಪದವೀಧರ ಸಹಾಯಕ ಎಂಜಿನಿಯರುಗಳಿಗೂ ಡಿಪ್ಲೊಮಾ ಪಡೆದ ಕಿರಿಯ ಎಂಜಿನಿಯರುಗಳಿಗೂ ನಡುವಿನ ಬಡ್ತಿ ಪಾಲಿನ ಜಗಳ ಎಷ್ಟು ಹಳೆಯದೆಂದರೆ, ಡಿಪ್ಲೊಮಾದವರ ಸಂಘ ಪ್ರತ್ಯೇಕವಾಗಿಯೇ ಬೆಳೆಯಿತು. ಬಡ್ತಿ ಮೀಸಲಾತಿಯ ತತ್ಪರಿಣಾಮ ಜ್ಯೇಷ್ಠತೆಯ, ಅಂದರೆ ಮೀಸಲಾತಿಯಿಂದ ಮೊದಲೇ ಬಡ್ತಿ ಪಡೆದವರು ಮೇಲಿನ ಹುದ್ದೆಯಲ್ಲೂ ಹಿರಿಯರಾಗಿ ಉಳಿಯುವ, ವಿಷಯದಲ್ಲಿ 2017ರ ಫೆಬ್ರವರಿಯ ಬಿ. ಕೆ. ಪವಿತ್ರಾ ತೀರ್ಪು ರಾಜ್ಯದ 2002ರ ಕಾಯ್ದೆಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಆಮೇಲೆ ರಾಜ್ಯ ತಂದ ಹೊಸ ಕಾಯ್ದೆಯನ್ನು 2019ರ ಮೇ ತಿಂಗಳಲ್ಲಿ ಅದೇ ಹೆಸರಿನ ಎರಡನೆಯ ತೀರ್ಪು ಎತ್ತಿಹಿಡಿಯಿತು. ಆ ಎರಡು ವರ್ಷಗಳಲ್ಲಿ ಎಂಜಿನಿಯರಿಂಗ್ ಸೇವೆಗಳ ಒಳಗೆ ಆದ ಕಲಕು ಒಂದೇ ಕೋಣೆಯಲ್ಲಿ ಕುಳಿತವರ ನಡುವಿನ ಮಾತನ್ನೂ ನಿಲ್ಲಿಸಿತ್ತು.

ಸಂಘ ಮಾಡಬಹುದಾದದ್ದು ಇಷ್ಟು: ಕರಡು ಪಟ್ಟಿ ಹೊರಟ ದಿನವೇ ಅದನ್ನು ಎಲ್ಲ ಸದಸ್ಯರಿಗೂ ತಲುಪಿಸುವುದು, ಆಕ್ಷೇಪಣೆಯ ಗಡುವನ್ನು ನೆನಪಿಸುವುದು, ಸೇವಾ ಪುಸ್ತಕದಲ್ಲಿರುವ ಸೇರ್ಪಡೆಯ ದಿನಾಂಕದೊಡನೆ ಹೋಲಿಸಿ ನೋಡಲು ಹೇಳುವುದು. ಅಕ್ಷರ ದೋಷದಿಂದ ಆದ ತಪ್ಪನ್ನು ಕರಡು ಹಂತದಲ್ಲಿ ಒಂದು ಪತ್ರದಿಂದ ಸರಿಪಡಿಸಬಹುದು. ಅಂತಿಮ ಪಟ್ಟಿಯ ನಂತರ ಅದೇ ತಪ್ಪಿಗೆ ಮೊಕದ್ದಮೆ ಬೇಕಾಗುತ್ತದೆ.

ಆಗದ ಕೆಲಸದ ಬಿಲ್ಲಿಗೆ ಸಹಿ ಹಾಕಲು ಒತ್ತಡವಿದೆ. ಯಾರಿಗೆ ಹೇಳಲಿ?

ಮಾರ್ಚ್ ಕೊನೆಯ ವಾರದಲ್ಲಿ, ಆದ ಕೆಲಸದ ಅಳತೆ ದಾಖಲಿಸುವ ಅಳತೆ ಪುಸ್ತಕ ಮೇಜಿನ ಮೇಲೆ ಬಂದು ಬೀಳುವುದನ್ನು ಕಾಣದ ಎಂಜಿನಿಯರಿಲ್ಲ. ಅಳತೆ ಬರೆದವರ ಸಹಿ ಯಾವಾಗಲೂ ಮೊದಲ ಆರೋಪಿಯ ಸಹಿ. ಮೌಖಿಕ ಆದೇಶವಿದ್ದರೆ ‘ತಮ್ಮ ಮೌಖಿಕ ಸೂಚನೆಯನ್ನು ಲಿಖಿತವಾಗಿ ದೃಢಪಡಿಸಬೇಕು’ ಎಂದು ಅದೇ ದಿನ ಟಿಪ್ಪಣಿ ಹಾಕಿ. ಕೆಲಸದ ಸ್ಥಳದ ದಿನಾಂಕಸಹಿತ ಛಾಯಾಚಿತ್ರ ಇಟ್ಟುಕೊಳ್ಳಿ. ಸಂಘಕ್ಕೆ ಹೇಳುವುದಿದ್ದರೆ ಬರೆದು ಹೇಳಿ. ಇಂಥ ವಿಷಯದಲ್ಲಿ ಒಂಟಿಯಾಗಿ ನಿಂತವರಿಗೆ ಏನಾಗಬಹುದೆಂಬುದಕ್ಕೆ ಸತ್ಯೇಂದ್ರ ದುಬೆ ಉದಾಹರಣೆ. ಹೆದ್ದಾರಿ ಪ್ರಾಧಿಕಾರದ ಈ ಎಂಜಿನಿಯರು ಸುವರ್ಣ ಚತುಷ್ಪಥ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಾರ್ಯಾಲಯಕ್ಕೆ, ಹೆಸರು ಗುಪ್ತವಾಗಿರಲಿ ಎಂದು ಕೋರಿ, ಪತ್ರ ಬರೆದಿದ್ದರು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಆ ನಂತರವೇ, 2004ರಲ್ಲಿ, ಹೆಸರು ಗುಪ್ತವಾಗಿಟ್ಟು ದೂರು ಸ್ವೀಕರಿಸುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಲಾಯಿತು. ಸಂಘವೊಂದು ಸಾಮೂಹಿಕವಾಗಿ ಬರೆದ ಪತ್ರದಲ್ಲಿ ಗುರಿಯಿಡಲು ಒಂದೇ ಹೆಸರು ಇರುವುದಿಲ್ಲ.

ಎಂಜಿನಿಯರುಗಳು ಮುಷ್ಕರ ಮಾಡಬಹುದೇ?

ಸಂಘ ಕಟ್ಟುವುದು ಮೂಲಭೂತ ಹಕ್ಕು, ಮುಷ್ಕರ ಅಲ್ಲ. ಇದನ್ನು ಸುಪ್ರೀಂ ಕೋರ್ಟು 1961ರಿಂದಲೂ ಹೇಳುತ್ತ ಬಂದಿದೆ. ಶಾಂತಿಯುತ ಪ್ರದರ್ಶನವನ್ನು ಸಾರಾಸಗಟಾಗಿ ನಿಷೇಧಿಸಲಾಗದು ಎಂದು 1962ರ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ತೀರ್ಪಾಯಿತು. ಊಟದ ವಿರಾಮದಲ್ಲಿ ಕಪ್ಪು ಪಟ್ಟಿ ಧರಿಸಿ ನಿಲ್ಲುವ ಪದ್ಧತಿಗೆ ಆಧಾರ ಅದೇ. ತಮಿಳುನಾಡಿನಲ್ಲಿ ಲಕ್ಷಕ್ಕೂ ಹೆಚ್ಚು ನೌಕರರನ್ನು ಒಂದೇ ಸಲ ವಜಾ ಮಾಡಿದ ಹಿನ್ನೆಲೆಯಲ್ಲಿ 2003ರಲ್ಲಿ ಬಂದ ಟಿ. ಕೆ. ರಂಗರಾಜನ್ ತೀರ್ಪು, ಸರ್ಕಾರಿ ನೌಕರರಿಗೆ ಮುಷ್ಕರದ ನೈತಿಕ ಹಕ್ಕೂ ಇಲ್ಲ ಎನ್ನುವವರೆಗೆ ಹೋಯಿತು. ಆ ಮಾತು ಅತಿಯಾಯಿತೆಂದು ಅನೇಕರಿಗೆ ಅನ್ನಿಸಿದೆ, ನಮಗೂ. ಆದರೆ ಅದು ಇಂದಿಗೂ ಉಲ್ಲೇಖವಾಗುವ ತೀರ್ಪು.

ಉದ್ಯಮಗಳಲ್ಲಿ ಹೊಸ ಸಂಹಿತೆಯ ಪ್ರಕಾರ 14 ದಿನ ಮೊದಲೇ ನೋಟಿಸ್ ಕೊಡದೆ ಮುಷ್ಕರ ಮಾಡುವಂತಿಲ್ಲ. ಅರ್ಧದಷ್ಟು ಅಥವಾ ಹೆಚ್ಚು ಕಾರ್ಮಿಕರು ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ‘ಎಲ್ಲರೂ ಒಂದು ದಿನ ಸಿಎಲ್ ಹಾಕೋಣ’ ಎಂಬ ಹಳೆಯ ಉಪಾಯ ಇನ್ನು ಸುರಕ್ಷಿತವಲ್ಲ. ವಿದ್ಯುತ್, ನೀರು ಪೂರೈಕೆಯಂಥ ಸೇವೆಗಳ ಮೇಲೆ ಎಸ್ಮಾದ (ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸಲು ಅವಕಾಶ ಕೊಡುವ ಕಾಯ್ದೆ) ಕತ್ತಿ ಬೇರೆ ತೂಗುತ್ತಿರುತ್ತದೆ, ಕೆಲಸ ಮಾಡದ ದಿನಕ್ಕೆ ಸಂಬಳವೂ ಇಲ್ಲ.

ಇಷ್ಟೆಲ್ಲ ಇದ್ದರೂ ವಾಸ್ತವ ಬೇರೆಯೂ ಆಗಿರುತ್ತದೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸದಿಂದ ದೂರ ಉಳಿದ ದಿನವೇ 17 ಶೇಕಡ ಮಧ್ಯಂತರ ಪರಿಹಾರದ ಆದೇಶ ಹೊರಟು ಮುಷ್ಕರ ಮುಗಿಯಿತು. 2020ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಪೂರ್ವಾಂಚಲ ವಿದ್ಯುತ್ ಕಂಪನಿಯ ಖಾಸಗೀಕರಣದ ವಿರುದ್ಧ ನೌಕರರೂ ಎಂಜಿನಿಯರುಗಳೂ ಕೆಲಸ ನಿಲ್ಲಿಸಿದಾಗ, ಮರುದಿನವೇ ಸರ್ಕಾರ ಆ ಪ್ರಸ್ತಾವವನ್ನು ಮುಂದೂಡಿ ಒಪ್ಪಂದಕ್ಕೆ ಬಂತು. ಎರಡು ಕಡೆಯೂ ಎಂಜಿನಿಯರುಗಳು ಒಂಟಿಯಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ವೇತನ ಮತ್ತು ಪಿಂಚಣಿಯ ಬಗ್ಗೆ ಈಚಿನ ಸುದ್ದಿ ಏನು?

ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 27.5 ಶೇಕಡ ಫಿಟ್‌ಮೆಂಟ್ (ಹಳೆಯ ಮೂಲ ವೇತನದ ಮೇಲೆ ಸೇರಿಸುವ ಹೆಚ್ಚಳ) ಸಹಿತ ಪರಿಷ್ಕೃತ ವೇತನ 2024ರ ಆಗಸ್ಟ್ 1ರಿಂದ ನಗದಾಗಿ ಸಿಗುತ್ತಿದೆ. ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ನಿಗಮ, ಮಂಡಳಿಗಳಲ್ಲಿ ಇದು ತಾನಾಗಿ ಅನ್ವಯಿಸುವುದಿಲ್ಲ, ಅಲ್ಲಿಯ ಆಡಳಿತ ಮಂಡಳಿ ಪ್ರತ್ಯೇಕ ಆದೇಶ ಮಾಡಬೇಕು.

ಪಿಂಚಣಿಯಲ್ಲಿ 2006ರ ಏಪ್ರಿಲ್ 1 ರಾಜ್ಯ ನೌಕರರ ಗೆರೆ: ಅಂದಿನಿಂದ ಸೇರಿದವರು ಹಳೆಯ ಪಿಂಚಣಿಯ ಬದಲು ಹೊಸ ಪಿಂಚಣಿ ಯೋಜನೆಗೆ ಬರುತ್ತಾರೆ. ಅದಕ್ಕೂ ಮೊದಲು ಅಧಿಸೂಚನೆ ಹೊರಟು, ನಂತರ ನೇಮಕವಾದವರಿಗೆ ಹಳೆಯ ಪಿಂಚಣಿಯ ಅವಕಾಶ ಕೊಡುವ ಆದೇಶ 2024ರ ಜನವರಿಯಲ್ಲಿ ಹೊರಟಿತು. ನೇಮಕಾತಿ ಅಧಿಸೂಚನೆಯ ಪ್ರತಿಯನ್ನು ಜೋಪಾನ ಮಾಡಿದವರಿಗೆ ಅದರ ಬೆಲೆ ಆಗ ಗೊತ್ತಾಯಿತು. ಕೇಂದ್ರ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆ ಇದೆ: 25 ವರ್ಷ ಸೇವೆ ಇದ್ದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ, 10 ವರ್ಷವಾದರೂ ಇದ್ದವರಿಗೆ ಕನಿಷ್ಠ 10,000 ರೂಪಾಯಿ.

ವಿದ್ಯುತ್ ನಿಗಮಗಳ ಪಿಂಚಣಿ ನಿಧಿಯ ಒಂದು ಭಾಗವನ್ನು 2025ರ ಏಪ್ರಿಲ್‌ನಿಂದ ಗ್ರಾಹಕರ ಬಿಲ್ಲಿನಲ್ಲಿ ಯೂನಿಟ್ಟಿಗೆ 36 ಪೈಸೆಯಂತೆ ವಸೂಲು ಮಾಡಲು ಶುರುವಾಯಿತು. ಸರ್ಕಾರ ಕೊಡಬೇಕಿದ್ದ ಹಣ ಜನರ ತಲೆಗೆ ಬಂತು ಎಂಬ ಸಿಟ್ಟನ್ನು ಕೌಂಟರಿನಲ್ಲಿ ಎದುರಿಸುವವರು ಮಾತ್ರ ಶಾಖೆಯ ಎಂಜಿನಿಯರುಗಳೇ.

ಗುತ್ತಿಗೆ ಅಥವಾ ಹೊರಗುತ್ತಿಗೆ ಎಂಜಿನಿಯರುಗಳು ಸದಸ್ಯರಾಗಬಹುದೇ?

ಸೇವಾ ಸಂಘಗಳ ಬೈಲಾಗಳು ಸಾಮಾನ್ಯವಾಗಿ ಕಾಯಂ ನೌಕರರಿಗೆ ಸೀಮಿತ. ಕಾಯಮಾತಿಯ ಬಗ್ಗೆ 2006ರ ಉಮಾದೇವಿ ತೀರ್ಪು ಬಾಗಿಲನ್ನು ಬಹಳ ಕಿರಿದು ಮಾಡಿದ್ದರಿಂದ, ಇವರನ್ನು ಸೇರಿಸಿಕೊಂಡು ಆಸೆ ಹುಟ್ಟಿಸುವುದು ಬೇಡ ಎಂಬ ವಾದ ಸಂಘಗಳಲ್ಲಿದೆ. ಈ ವಾದ ನಮಗೆ ಒಪ್ಪಿಗೆಯಿಲ್ಲ. ಕಾಯಮಾತಿ ಒಂದನ್ನೇ ಅವರು ಕೇಳುತ್ತಿಲ್ಲ. ಸಕಾಲಕ್ಕೆ ಸಂಬಳ, ಭವಿಷ್ಯ ನಿಧಿ, ಸ್ಥಳದಲ್ಲಿ ಸುರಕ್ಷೆ ಇವೂ ಅವರ ಬೇಡಿಕೆಗಳೇ. ಬೈಲಾ ತಿದ್ದಿ ಸಹ ಸದಸ್ಯತ್ವ ಕೊಡಲು ಸರ್ವಸದಸ್ಯರ ಸಭೆಗೆ ಅಧಿಕಾರವಿದೆ.

ನಿಯೋಜನೆಯ ಮೇಲೆ ಬೇರೆ ನಿಗಮಕ್ಕೆ ಹೋದರೆ?

ಲೀನ್, ಅಂದರೆ ಮೂಲ ಹುದ್ದೆಯ ಮೇಲಿನ ಹಕ್ಕು, ಮಾತೃ ಇಲಾಖೆಯಲ್ಲೇ ಇರುತ್ತದೆ. ಕೃಷ್ಣಾ ಭಾಗ್ಯ ಜಲ ನಿಗಮಕ್ಕೆ ಹೋದ ಜಲಸಂಪನ್ಮೂಲ ಇಲಾಖೆಯ ಎಂಜಿನಿಯರು ಇಲಾಖೆಯ ಸಂಘದ ಸದಸ್ಯತ್ವ ಬಿಡಬೇಕಿಲ್ಲ, ಚಂದಾವನ್ನು ಮಾತ್ರ ನೇರವಾಗಿ ಕಟ್ಟುತ್ತಿರಬೇಕು.

ಸಂಘದ ಲೆಕ್ಕವನ್ನು ಕೇಳುವ ಹಕ್ಕು ನನಗಿದೆಯೇ?

ಇದೆ. ನೋಂದಾಯಿತ ಸಂಘ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪರಿಶೋಧಿತ ಆಯವ್ಯಯ ಮಂಡಿಸಿ, ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕಲ್ಯಾಣ ನಿಧಿಯ ಠೇವಣಿ ಯಾವ ಬ್ಯಾಂಕಿನಲ್ಲಿ ಯಾರ ಜಂಟಿ ಸಹಿಯಲ್ಲಿದೆ, ಕಳೆದ ವರ್ಷ ಎಷ್ಟು ಕುಟುಂಬಗಳಿಗೆ ಕೊಡಲಾಯಿತು, ಮೊಕದ್ದಮೆಗಳಿಗೆ ಎಷ್ಟು ಖರ್ಚಾಯಿತು: ಈ ಮೂರು ಪ್ರಶ್ನೆಗಳನ್ನು ಸಭೆಯಲ್ಲಿ ಎದ್ದು ನಿಂತು ಕೇಳಿ, ಉತ್ತರ ನಡಾವಳಿಯಲ್ಲಿ ದಾಖಲಾಗಲಿ ಎನ್ನಿ. ಚುನಾವಣೆಯ ವರ್ಷದಲ್ಲಿ ಬಾಕಿ ಚಂದಾ ಇದ್ದವರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಗುವುದು ಸಾಮಾನ್ಯವಾದ್ದರಿಂದ, ಕರಡು ಪಟ್ಟಿಯನ್ನೂ ನೋಡಿ.

ಅರ್ಜಿಯೊಂದಿಗೆ ಏನೇನು ಕೊಡಬೇಕು?

ನೇಮಕಾತಿ ಆದೇಶ ಮತ್ತು ಕರ್ತವ್ಯಕ್ಕೆ ಹಾಜರಾದ ವರದಿಯ ಪ್ರತಿ, ಭಾವಚಿತ್ರ, ಚಂದಾ ಕಡಿತದ ಒಪ್ಪಿಗೆ ಪತ್ರ ಸಾಕು. ಕಲ್ಯಾಣ ನಿಧಿಯ ನಾಮನಿರ್ದೇಶನ ನಮೂನೆಯನ್ನು ಖಾಲಿ ಬಿಡಬೇಡಿ. ಮದುವೆಗೆ ಮುಂಚೆ ತಾಯಿಯ ಹೆಸರು ಬರೆದು, ಆಮೇಲೆ ಬದಲಿಸಲು ಮರೆತ ನಮೂನೆಗಳು ಪ್ರತಿ ಸಂಘದ ಕಪಾಟಿನಲ್ಲೂ ಇವೆ. ಸದಸ್ಯರು ತೀರಿಕೊಂಡ ಮೇಲೆ ಅತ್ತೆ ಸೊಸೆಯರಿಬ್ಬರೂ ಅದೇ ಕಚೇರಿಯ ಬೆಂಚಿನ ಮೇಲೆ, ಒಬ್ಬರ ಮುಖ ಒಬ್ಬರು ನೋಡದೆ, ಕಾರ್ಯದರ್ಶಿಗಾಗಿ ಕಾದು ಕೂರಬೇಕಾಗುತ್ತದೆ.